ಸಿಮ್ಯುಲೇಷನ್ ತೋರಿಸಿದ ಮೇಲೂ "ಕರೆಂಟ್ ಬಲ್ಬಲ್ಲಿ ಖರ್ಚಾಗುತ್ತೆ" ಅಂತಾರೆ!

ಸೀಮೆಸುಣ್ಣ:
ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಗೆ ವಿದ್ಯುತ್ ಪಾಠ ನಡೆಯುತ್ತಿದೆ. ಇರುವುದು ಒಂದೇ ಪ್ರೊಜೆಕ್ಟರ್, ಅದೂ ಪಕ್ಕದ ಕ್ಲಾಸಿನವರು ಬಿಟ್ಟರೆ ಉಂಟು. ಮೊನ್ನೆ ಸಿಕ್ಕಿತು. ಫೆಟ್ (PhET) ಅನ್ನುವ ಉಚಿತ ವಿಜ್ಞಾನ ಸಿಮ್ಯುಲೇಷನ್‌ಗಳ ಸರ್ಕ್ಯೂಟ್ ಕಿಟ್ ತೋರಿಸಿದೆ. ವೈರು ಜೋಡಿಸಿದ ಕೂಡಲೇ ಎಲೆಕ್ಟ್ರಾನ್ ತೋರಿಸುವ ನೀಲಿ ಚುಕ್ಕೆಗಳು ಓಡಿದವು, ಬಲ್ಬ್ ಹತ್ತಿತು, ಮಕ್ಕಳೆಲ್ಲ ಹೋ ಅಂದರು.

ಮಾರನೇ ದಿನ ಬೋರ್ಡ್ ಮೇಲೆ ಸರಣಿಯಲ್ಲಿ ಎರಡು ಬಲ್ಬ್ ಬರೆದು ಕೇಳಿದೆ. "ಮೊದಲನೇದಕ್ಕೆ ಜಾಸ್ತಿ ಕರೆಂಟ್ ಸಾರ್, ಉಳಿದಿದ್ದು ಎರಡನೇದಕ್ಕೆ." ಅರ್ಧ ಕ್ಲಾಸಿನ ಉತ್ತರ ಅದೇ! ಇನ್ನೊಬ್ಬ ಹುಡುಗನ ಪ್ರಶ್ನೆ: "ಚುಕ್ಕೆ ಇಷ್ಟು ನಿಧಾನ ಹೋದರೆ ಸ್ವಿಚ್ ಹಾಕಿದ ತಕ್ಷಣ ಲೈಟ್ ಹೇಗೆ ಹತ್ತುತ್ತೆ?" ನೀವೆಲ್ಲ ಇದನ್ನು ಹೇಗೆ ಮಾಡ್ತೀರಿ?

ಟೀಚರಮ್ಮ:
ಸರ್, ಸಿಮ್ಯುಲೇಷನ್ ಓಡಿಸುವ ಮೊದಲೇ ಅವರಿಂದ ಉತ್ತರ ಬರೆಸಿ. ಸುಮ್ನೆ ನೋಡುತ್ತಾ ಕೂತರೆ ಅದು ಟಿವಿ ಆಗಿಬಿಡುತ್ತದೆ. ಬ್ಯಾಟರಿ 9 ವೋಲ್ಟ್, ಎರಡು ಬಲ್ಬ್ ತಲಾ 10 ಓಮ್ ಇಡಿ. ಬ್ಯಾಟರಿ ಪಕ್ಕ, ಬಲ್ಬ್‌ಗಳ ನಡುವೆ, ಎರಡನೇ ಬಲ್ಬ್ ಆದಮೇಲೆ ಕರೆಂಟ್ ಅಳೆಯುವ ಅಮ್ಮೀಟರ್ ಎಷ್ಟು ತೋರಿಸುತ್ತದೆ ಅಂತ ನೋಟ್‌ಬುಕ್‌ನಲ್ಲಿ ಪೆನ್ನಿಂದ ಬರೆಯಲಿ. ಪೆನ್ಸಿಲ್ ಬೇಡ, ಅಳಿಸ್ತಾರೆ. ಆಮೇಲೆ ಮೂರೂ ಕಡೆ ಅಮ್ಮೀಟರ್ ಹಾಕಿ. ಎಲ್ಲ ಕಡೆ 0.45 ಆಂಪಿಯರ್ ಬಂದಾಗ ಗಲಾಟೆ ಶುರುವಾಗುತ್ತದೆ. ಆ ಗಲಾಟೆಯೇ ಪಾಠ. ಖರ್ಚಾಗೋದು ಬ್ಯಾಟರಿಯ ಶಕ್ತಿ, ಕರೆಂಟ್ ಅಲ್ಲ ಅಂತ ಆಗ ಹೇಳಿದರೆ ನಾಟುತ್ತದೆ.

ಹಳೇ ಲ್ಯಾಬ್:
ಪರದೆ ಮೇಲೆ ತೋರಿಸಿದ್ದನ್ನು ಟಾರ್ಚ್ ಬಲ್ಬಲ್ಲೂ ಮಾಡಿ. ಆದರೆ ಹುಷಾರು. ಅಂಗಡಿಯಲ್ಲಿ ತಂದ ಎರಡು ಬಲ್ಬ್ ಒಂದೇ ಥರ ಇರುವುದಿಲ್ಲ. ಒಂದು ಚೂರು ಜಾಸ್ತಿ ಬೆಳಗಿದರೂ "ನೋಡಿ ಸಾರ್, ನಾನು ಹೇಳಲಿಲ್ವಾ" ಅಂತಾರೆ. ಅಲ್ಲೇ ಎರಡನ್ನೂ ಅದಲುಬದಲು ಮಾಡಿ. ಜಾಸ್ತಿ ಬೆಳಗಿದ ಬಲ್ಬ್ ಎಲ್ಲಿ ಕೂತರೂ ಅದೇ ಜಾಸ್ತಿ ಬೆಳಗುತ್ತದೆ. ವ್ಯತ್ಯಾಸ ಬಲ್ಬಿನದ್ದು, ಜಾಗದ್ದಲ್ಲ. ಸಿಮ್ಯುಲೇಷನ್‌ನಲ್ಲಿ ಬಲ್ಬ್‌ಗಳು ತದ್ರೂಪ, ಹಾಗಾಗಿ ಈ ಅನುಮಾನ ಅಲ್ಲಿ ಏಳುವುದೇ ಇಲ್ಲ.

ಆ ಹುಡುಗನ ಪ್ರಶ್ನೆ ಬಂಗಾರದಂಥದ್ದು. 1 ಚದರ ಮಿ.ಮೀ. ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿದರೂ ಎಲೆಕ್ಟ್ರಾನ್ ಮುಂದೆ ಸರಿಯುವುದು ಸೆಕೆಂಡಿಗೆ ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಪರದೆಯ ಚುಕ್ಕೆಗಳೇ ಎಷ್ಟೋ ವೇಗ! ಆದರೆ ತಂತಿಯ ತುಂಬ ಮೊದಲಿಂದಲೇ ಎಲೆಕ್ಟ್ರಾನ್ ಇವೆ. ಸೈಕಲ್ ಪೆಡಲ್ ತುಳಿದ ಕೂಡಲೇ ಚೈನು ಪೂರ್ತಿ ಸರಿಯುತ್ತಲ್ಲ, ಹಾಗೆ. "ಈ ಚಿತ್ರದಲ್ಲಿ ಯಾವುದು ಸುಳ್ಳು?" ಅಂತ ಕೇಳಿ ನೋಡಿ. ಬಣ್ಣ, ಗಾತ್ರ, ಲೆಕ್ಕ ಎಲ್ಲ ಹೇಳ್ತಾರೆ.

ಸೀಮೆಸುಣ್ಣ:
ಅದಲುಬದಲು ಮಾಡುವುದು ತಲೆಗೇ ಹೊಳೆದಿರಲಿಲ್ಲ ಸರ್, ಥ್ಯಾಂಕ್ಸ್. ಇನ್ನೊಂದು ತಲೆನೋವು. ಪರೀಕ್ಷೆಯಲ್ಲಿ ಸಂಕೇತ ಬಳಸಿ ಬರೆಯುವ ವಿದ್ಯುತ್ ಮಂಡಲದ (ಸರ್ಕ್ಯೂಟ್) ಚಿತ್ರಕ್ಕೆ ಅಂಕ ಇದೆ. ಇವರು ಪರದೆಯಲ್ಲಿ ನೋಡಿದ ಹಾಗೆ ನಿಜವಾದ ಬಲ್ಬಿನ ಚಿತ್ರ ಬರೆದು ಬಣ್ಣ ತುಂಬ್ತಾರೆ. ನೆಟ್ ಕೂಡ ಆಗಾಗ ಕೈ ಕೊಡುತ್ತದೆ.

ಟೀಚರಮ್ಮ:
ಆ ಸಿಮ್ಯುಲೇಷನ್‌ನಲ್ಲೇ ಸಂಕೇತದ ಚಿತ್ರಕ್ಕೆ ಬದಲಾಯಿಸುವ ಬಟನ್ ಇದೆ, ಕೆಳಗೆ ನೋಡಿ. ಮೊದಲು ನಿಜವಾದ ಬಲ್ಬು ವೈರಿನ ಚಿತ್ರ ಇಟ್ಟು, ಸಂಕೇತದಲ್ಲಿ ಅವರೇ ಬರೆಯಲಿ. ಆಮೇಲೆ ಬಟನ್ ಒತ್ತಿ, ತಮ್ಮ ಚಿತ್ರ ತಾವೇ ತಿದ್ದಿಕೊಳ್ಳಲಿ. ನೆಟ್ ಬೇಕಿಲ್ಲ ಸರ್. ಮನೆಯಲ್ಲಿ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ, ಬ್ರೌಸರ್‌ನಲ್ಲಿ ತೆರೆದರೆ ಆಯ್ತು. ಕರೆಂಟ್ ಹೋದರೆ ಮಾತ್ರ ನನ್ನನ್ನು ಕೇಳಬೇಡಿ 😀