ಸಮೀಕರಣವನ್ನು ‘ಸರಿದೂಗಿಸು’ವುದೋ, ‘ಸಮತೋಲನಗೊಳಿಸು’ವುದೋ?

ಪ್ರಶ್ನೆ:
ಪ್ರೌಢಶಾಲೆಯ ಪ್ರಯೋಗಾಲಯದ ಗೋಡೆಗೆ ಹಾಕುವ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಸಮೀಕರಣಗಳ ಸಮತೋಲನ’ ಎಂದು ತಲೆಬರಹ ಕೊಟ್ಟು, ಅದರ ಕೆಳಗೆ ‘ರಾಸಾಯನಿಕ ಕ್ರಿಯೆಯಲ್ಲಿ ಅಣುಗಳ ಸಂಖ್ಯೆ ಎರಡೂ ಬದಿಗೆ ಸಮವಾಗಿರಬೇಕು, ಇದಕ್ಕೆ ರಾಶಿ ಸಂರಕ್ಷಣಾ ನಿಯಮವೇ ಆಧಾರ’ ಎಂದು ಬರೆದಿದ್ದೇನೆ. ‘ಸಮತೋಲನ’ ಸರಿಯೇ? ‘ರಾಶಿ’ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ) ಎಂದೊಡನೆ ಮಕ್ಕಳಿಗೆ ಮೇಷ, ವೃಷಭಗಳು ನೆನಪಾದಾವೆಂಬ ಅಳುಕೂ ಇದೆ.

ಉತ್ತರ:
‘ಸಮತೋಲನ’ ಬೇಡ. ಮುಮ್ಮುಖ ಮತ್ತು ಹಿಮ್ಮುಖ ಕ್ರಿಯೆಗಳು ಒಂದೇ ವೇಗದಲ್ಲಿ ನಡೆಯುವ ಸ್ಥಿತಿಗೆ ಆ ಪದ ಆಗಲೇ ಮೀಸಲಾಗಿದೆ. ‘ಸರಿದೂಗಿಸು’ ಎಂಬ ಅಚ್ಚಗನ್ನಡ ಪದವಿರುವಾಗ ಬೇರೆಯದನ್ನು ಹುಡುಕುವುದೇಕೆ? ಸರಿ, ತೂಗು ಎರಡೂ ಸೇರಿ ತಕಾರ ದಕಾರವಾಗಿರುವ ಈ ಮಾತಿನೊಳಗೆ ತಕ್ಕಡಿಯೇ ಕುಳಿತಿದೆ. ಫ್ರಾನ್ಸಿನ ರಸಾಯನವಿಜ್ಞಾನಿ ಲಾವೋಸಿಯೆ 1774ರಲ್ಲಿ ಮುಚ್ಚಿದ ಪಾತ್ರೆಯೊಳಗೆ ತವರವನ್ನು ಕಾಯಿಸಿ, ಪಾತ್ರೆಯ ಒಟ್ಟು ತೂಕ ಬದಲಾಗದ್ದನ್ನು ಕಂಡದ್ದೂ ತಕ್ಕಡಿಯಲ್ಲೇ. ಅದೇ ನ್ಯಾಯದಿಂದ ‘ರಾಶಿ ಸಂರಕ್ಷಣಾ ನಿಯಮ’ವನ್ನೂ ಕಿತ್ತುಹಾಕಿ ‘ತೂಕ ಉಳಿವಿನ ಕಟ್ಟಳೆ’ ಎನ್ನಿರಿ.

ಪ್ರತ್ಯುತ್ತರ:
ಕಟ್ಟಳೆಯನ್ನು ತಾವೇ ಇಟ್ಟುಕೊಳ್ಳಿ. ತೂಕವು ಬಲ, ಚಂದ್ರನ ಮೇಲೆ ಅದು ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ರಾಶಿ ಇಳಿಯುವುದಿಲ್ಲ. ಸಂಸ್ಕೃತವೆಂಬ ಒಂದೇ ಕಾರಣಕ್ಕೆ ಪದವನ್ನು ಓಡಿಸಿ ಅರ್ಥವನ್ನು ಕೆಡಿಸುವುದು ಭಾಷಾಸೇವೆಯಲ್ಲ. ಜ್ಯೋತಿಷದ ಅಳುಕಿದ್ದರೆ ‘ದ್ರವ್ಯರಾಶಿ’ ಎಂದರಾಯಿತು. ‘ಸಮತೋಲನ’ದ ತೋಲನವೂ ತೂಗುವುದೇ ಆದ್ದರಿಂದ ತಕ್ಕಡಿಯು ಕನ್ನಡದ ಸ್ವತ್ತೇನಲ್ಲ. ಇನ್ನು ‘ಸಮೀಕರಣ’ದಲ್ಲಿರುವುದು ಸಂಸ್ಕೃತ ವ್ಯಾಕರಣದ ಚ್ವಿ ಪ್ರತ್ಯಯ, ಸಮವಲ್ಲದ್ದನ್ನು ಸಮ ಮಾಡುವುದೆಂಬುದೇ ಅದರ ಅರ್ಥವಾದ್ದರಿಂದ, ‘ಸರಿದೂಗಿಸಿದ ಸಮೀಕರಣ’ ಎಂಬುದು ಪುನರುಕ್ತಿ, ‘ಸರಿದೂಗದ ಸಮೀಕರಣ’ ಎಂಬುದು ವಿರೋಧಾಭಾಸ.

ಮತ್ತೊಂದು ಉತ್ತರ:
ಪ್ರತ್ಯಯವನ್ನು ನೋಡಿ ಪರಿಭಾಷೆಯನ್ನು ಅಳೆಯಹೊರಟರೆ ಪಠ್ಯಪುಸ್ತಕದ ಅರ್ಧ ಪದಗಳು ಉಳಿಯಲಾರವು. ತಲೆಬರಹ ‘ಸಮೀಕರಣಗಳನ್ನು ಸರಿದೂಗಿಸುವುದು’ ಎಂದೇ ಇರಲಿ. ಬೇರು ಅಗೆಯುವ ಭರದಲ್ಲಿ ಮೇಲಿನ ಇಬ್ಬರೂ ಗಮನಿಸದೆ ಬಿಟ್ಟ ತಪ್ಪು ಎರಡನೆಯ ಸಾಲಿನಲ್ಲಿದೆ. ಎರಡೂ ಬದಿಗೆ ಸಮವಾಗಬೇಕಾದದ್ದು ಅಣುಗಳಲ್ಲ, ಅವುಗಳೊಳಗಿನ ಪರಮಾಣುಗಳು. ಹೈಡ್ರೋಜನ್ನಿನ ಎರಡು ಅಣು, ಆಕ್ಸಿಜನ್ನಿನ ಒಂದು ಅಣು ಸೇರಿದರೆ ನೀರಿನ ಎರಡೇ ಅಣುಗಳಾಗುತ್ತವೆ. ಮೂರು ಇದ್ದದ್ದು ಎರಡಾಯಿತು. ಆದರೆ ಹೈಡ್ರೋಜನ್ನಿನ ನಾಲ್ಕು, ಆಕ್ಸಿಜನ್ನಿನ ಎರಡು ಪರಮಾಣುಗಳು ಆಚೆಗೂ ಈಚೆಗೂ ಹಾಗೆಯೇ ಇವೆ, ಆದ್ದರಿಂದಲೇ 4 ಗ್ರಾಂ ಹೈಡ್ರೋಜನ್ ಮತ್ತು 32 ಗ್ರಾಂ ಆಕ್ಸಿಜನ್ನಿನಿಂದ 36 ಗ್ರಾಂ ನೀರು ದೊರೆಯುತ್ತದೆ. ‘ಅಣುಬಾಂಬ್’ ಎಂದು ದಿನವೂ ಓದುವ ನಮಗೆ ಅಣು, ಪರಮಾಣುಗಳ ಗೆರೆ ಮಸುಕಾಗಿರುವುದು ಸಹಜ. ಫಲಕದಲ್ಲಿ ಅದು ಸಲ್ಲದು. ‘ಪ್ರತಿಯೊಂದು ಧಾತುವಿನ ಪರಮಾಣುಗಳ ಸಂಖ್ಯೆ’ ಎಂದು ತಿದ್ದಿರಿ. ಸಾಧ್ಯವಾದರೆ ಇನ್ನೊಂದು ಸಾಲು ಸೇರಿಸಿರಿ: ಬದಲಿಸಬೇಕಾದದ್ದು ಸೂತ್ರದ ಮುಂದಿನ ಸಂಖ್ಯೆಯನ್ನೇ ಹೊರತು ಸೂತ್ರದೊಳಗಿನ ಕೆಳಗಣ ಸಣ್ಣ ಅಂಕಿಯನ್ನಲ್ಲ. ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ ಎರಡನ್ನು ಬರೆದರೆ ಲೆಕ್ಕ ಸರಿಹೋದೀತು, ಆದರೆ ಪಾತ್ರೆಯಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್ ಆದೀತು.

ಪ್ರಶ್ನೆ ಕೇಳಿದವರಿಂದ:
‘ಅಣು’ವನ್ನು ತಿದ್ದಿದೆ, ‘ದ್ರವ್ಯರಾಶಿ’ಯನ್ನು ಒಪ್ಪಿದೆ. ಸಣ್ಣ ಅಂಕಿಯ ಸಾಲಿಗೆ ಫಲಕದಲ್ಲಿ ಜಾಗ ಸಾಲದ್ದರಿಂದ ಚಿತ್ರವನ್ನು ಸ್ವಲ್ಪ ಕುಗ್ಗಿಸಿದ್ದೇನೆ. ಚ್ವಿ ಪ್ರತ್ಯಯದ ವಿಚಾರವನ್ನು ಅಚ್ಚಾದ ಮೇಲೆ ಮುಂದುವರಿಸೋಣ.