ಚರ್ಮದ ಸ್ಟ್ರಾಪಿನ ಎರಡೂ ಬದಿ ಬಳಸಬಹುದಾ?

ಪ್ರಶ್ನೆ: ನೇತುಹಾಕುವ ಸ್ಟ್ರಾಪ್ (ಕತ್ತಿಯ ಅಂಚನ್ನು ಉಜ್ಜಿ ಹದಗೊಳಿಸುವ ಪಟ್ಟಿ), 2.5 ಇಂಚು ಅಗಲ, ಒಂದೇ ಪದರದ ಚರ್ಮ, ಬಟ್ಟೆಯ ಪಟ್ಟಿ ಇಲ್ಲ. ಕ್ಷೌರದ ಕತ್ತಿಯನ್ನು ಸದ್ಯ ನಯವಾದ ಬದಿಗೆ ಮಾತ್ರ ಉಜ್ಜುತ್ತಿದ್ದೇನೆ. ಒರಟಾದ ಹಿಂಬದಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ (ಅಂಚನ್ನು ಹರಿತಗೊಳಿಸುವ ಸವೆಸುವ ಪುಡಿ ಇರುವುದು) ಹಚ್ಚಬಹುದಾ?

ಉತ್ತರ 1: ಹಿಂಬದಿ ಬಳಸಿ, ಪೇಸ್ಟ್ ಮಾತ್ರ ಬೇಡ. ಎಷ್ಟೇ ಬಿಗಿಯಾಗಿ ಹಿಡಿದರೂ ಚರ್ಮ ಸ್ವಲ್ಪ ಜೋಲುತ್ತೆ. ಅದರ ಮೇಲೆ ಸವೆಸುವ ಪುಡಿಯೂ ಇದ್ದರೆ ಅಲಗಿನ ಅಂಚು ನಿಧಾನಕ್ಕೆ ದುಂಡಗಾಗುತ್ತೆ. ಸುತ್ತಿಟ್ಟಾಗ ಹಸಿರು ನಯ ಬದಿಗೂ ಅಂಟಿಕೊಳ್ಳುತ್ತೆ, ಆಮೇಲೆ ಅದನ್ನು ತೆಗೆಯೋದು ದೊಡ್ಡ ತಲೆನೋವು. ಪೇಸ್ಟ್ ಬೇಕೇ ಬೇಕು ಅಂದ್ರೆ ಮರದ ಹಲಗೆಗೆ ಬೇರೆ ಚರ್ಮ ಅಂಟಿಸಿ, 0.5 ಮೈಕ್ರಾನ್ ಕಣದ ಪೇಸ್ಟನ್ನು ತೆಳ್ಳಗೆ ಸವರಿ. ಕತ್ತಿ ಮಂಕಾದಾಗ 10 ಸುತ್ತು (ಒಮ್ಮೆ ಹೋಗಿ ಬಂದರೆ ಒಂದು) ಸಾಕು, ದಿನಾ ಬೇಡ.

ಉತ್ತರ 2: ಮೇಲಿನದು ಸರಿ. ಒರಟು ಬದಿಯ ಧೂಳು, ಸಡಿಲ ನಾರನ್ನು ಅಂಗೈಯಿಂದ ಒರೆಸಿ 20 ಸುತ್ತು, ಆಮೇಲೆ ನಯ ಬದಿಗೆ 40–50. ಕತ್ತಿಯ ಬೆನ್ನು (ದಪ್ಪ ಬದಿ) ಮುಂದೆ, ಬಾಯಿ (ಹರಿತ ಅಂಚು) ಹಿಂದೆ. ತಿರುಗಿಸುವಾಗ ಬೆನ್ನು ಚರ್ಮ ಬಿಟ್ಟು ಏಳಬಾರದು. ಬಾಯಿಯ ಮೇಲೆ ಹೊರಳಿಸಿದರೆ ಚರ್ಮಕ್ಕೆ ಕಚ್ಚು ಬೀಳುತ್ತೆ. ಒತ್ತಬೇಡಿ. ನಿಮ್ಮ ಅಲಗು ಸ್ಟ್ರಾಪಿನ ಅಗಲಕ್ಕಿಂತ ಉದ್ದವಿದ್ದರೆ ಓರೆಯಾಗಿ ಎಳೆಯಿರಿ, ಇಲ್ಲದಿದ್ದರೆ ತುದಿ ಅಥವಾ ಹಿಮ್ಮಡಿ (ಅಲಗಿನ ಹಿಡಿ ಬದಿಯ ಕೊನೆ) ಮೊಂಡಾಗೇ ಉಳಿಯುತ್ತೆ.

ಪ್ರಶ್ನಿಸಿದವರು: ಸ್ಟ್ರಾಪಿನ ಅಂಚಲ್ಲಿ ಸಣ್ಣ ಕಚ್ಚು ಈಗಾಗಲೇ ಬಿದ್ದಿದೆ. ಎಸೆಯಬೇಕಾ?

ಉತ್ತರ 2: ಎಸೆಯೋದ್ಯಾಕೆ? ಎದ್ದು ನಿಂತ ಚರ್ಮವನ್ನು 600ರ ಮರಳು ಕಾಗದದಿಂದ ಮಟ್ಟ ಮಾಡಿ. ತಗ್ಗು ಉಳಿದರೆ ಪರವಾಗಿಲ್ಲ, ಉಬ್ಬು ಉಳಿಯಬಾರದು.