ಇಜ್ನಿಕ್ ಸರೋವರದ ಚರ್ಚು: ‘ಮುಳುಗಡೆ’ ಅನ್ನಬಹುದಾ?

ಗೆಳೆಯರೇ,

ಟರ್ಕಿಯ ಇಜ್ನಿಕ್ ಸರೋವರದಲ್ಲಿ ಸಿಕ್ಕ ಹಳೇ ಚರ್ಚಿನ ಬಗ್ಗೆ ಬರೆಯುತ್ತಿದ್ದೇನೆ, ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ‘ಮುಳುಗಡೆಯಾದ ಚರ್ಚು’ ಅಂದರೆ ನಿಮಗೆ ಏನು ಅನ್ನಿಸುತ್ತದೆ? ನನಗಂತೂ ಅಣೆಕಟ್ಟೇ ಕಣ್ಮುಂದೆ ಬರುತ್ತದೆ. ಲಿಂಗನಮಕ್ಕಿ ಹಿನ್ನೀರು, ಹಳೇ ಬಾಗಲಕೋಟೆ, ಪರಿಹಾರಕ್ಕೆ ಅಲೆದಾಟ, ಇವೆಲ್ಲ ಆ ಪದಕ್ಕೆ ಅಂಟಿಕೊಂಡೇ ಬರುತ್ತವೆ, ಅಲ್ವಾ? ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚಿಗೆ ಅದು ಸರಿಯಾಗಿ ಕೂರುತ್ತದೆ, ಯಾಕೆಂದರೆ ಅಲ್ಲಿಗೆ ಬಂದದ್ದು ಹೇಮಾವತಿ ಅಣೆಕಟ್ಟೆಯ ನೀರೇ.

ಇಜ್ನಿಕ್‌ನಲ್ಲಿ ಯಾರೂ ನೀರಿಗೆ ಅಡ್ಡ ಕಟ್ಟೆ ಕಟ್ಟಿ ಊರು ಎಬ್ಬಿಸಲಿಲ್ಲ. ದಡದಲ್ಲಿದ್ದ ಕಟ್ಟಡ ಕ್ರಿ.ಶ. 740ರ ಭೂಕಂಪದಲ್ಲಿ ಕುಸಿದಿರಬೇಕು, ಆಮೇಲೆ ನೀರು ಏರಿ ಅದನ್ನು ಮುಚ್ಚಿರಬೇಕು ಅನ್ನುವುದು ಅಗೆತ ನಡೆಸಿದವರ ಲೆಕ್ಕಾಚಾರ. 2014ರಲ್ಲಿ ಮೇಲಿನಿಂದ ತೆಗೆದ ಫೋಟೋಗಳಲ್ಲಿ ಗೋಡೆಗಳ ಗೆರೆ ಕಾಣಿಸಿತು. ದಡದಿಂದ ಕೂಗಳತೆ ದೂರ ಕೂಡ ಅಲ್ಲ, ಆಳ ಒಂದೂವರೆ ಎರಡು ಮೀಟರ್ ಅಷ್ಟೇ. ಬುರ್ಸಾದ ಉಲುದಾಗ್ ವಿಶ್ವವಿದ್ಯಾಲಯದ ಮುಸ್ತಫಾ ಶಾಹಿನ್ ಅವರ ತಂಡ ಅಲ್ಲಿ ಕೆಲಸ ಮಾಡಿದೆ, ಒಳಗೆ ಸಮಾಧಿಗಳೂ ಸಿಕ್ಕಿವೆ. ಇತ್ತೀಚೆಗೆ ಸರೋವರದ ನೀರು ಹಿಂದೆ ಸರಿದು ಗೋಡೆಗಳ ಬುಡ ಬಯಲಿಗೆ ಬಂದಿದೆ. ನಿಕೇಯ ಅಂದರೆ ಇಜ್ನಿಕ್‌ನ ಹಳೇ ಹೆಸರು; ಅಲ್ಲಿ 325ರಲ್ಲಿ ನಡೆದ ಕ್ರೈಸ್ತ ಬಿಷಪ್ಪರ ಸಭೆಗೆ 1700 ವರ್ಷ ತುಂಬಿದ ನೆಪದಲ್ಲಿ 2025ರ ನವೆಂಬರಿನಲ್ಲಿ ಪೋಪ್ ಲಿಯೋ ಬಂದು ಪ್ರಾರ್ಥನೆ ಮಾಡಿದ್ದು ಇದರ ಪಕ್ಕದಲ್ಲೇ. ಹಾಗಾಗಿ ‘ಮುಳುಗಿದ ಚರ್ಚು’ ಅಂತ ಬರೆದರೂ ಈಗಿನ ಫೋಟೋ ನೋಡಿದವರು ತಕರಾರು ತೆಗೆಯಬಹುದು. ಸದ್ಯಕ್ಕೆ ‘ನೀರಡಿ ಇದ್ದ ಚರ್ಚು’ ಅಂತ ಇಟ್ಟಿದ್ದೇನೆ, ಸಪ್ಪೆಯಾಗಿದೆ. ‘ನೀರು ನುಂಗಿದ’ ಮಾತ್ರ ದಯವಿಟ್ಟು ಬೇಡ, ಟಿವಿಯವರು ಅದನ್ನು ಸವೆಸಿಬಿಟ್ಟಿದ್ದಾರೆ. (‘ಕೆರೆ’ ಕೂಡ ಬೇಡ ಅಂದುಕೊಂಡೆ. ಸುಮಾರು 32 ಕಿ.ಮೀ. ಉದ್ದದ, ತಾನಾಗೇ ಆದ ನೀರಿಗೆ ಕೆರೆ ಅನ್ನೋಕೆ ಬಾಯಿ ಬರೋದಿಲ್ಲ.)

‘ಬೆಸಿಲಿಕಾ’ ಹಾಗೇ ಇರಲಿ, ಆದರೆ ಒಂದು ಮಾತು ವಿವರಿಸಬೇಕಾಗುತ್ತದೆ. ನಮ್ಮವರಿಗೆ ಅದು ಪೋಪ್ ಕೊಡುವ ಗೌರವದ ಹೆಸರು, ಕಾರ್ಕಳದ ಅತ್ತೂರಿಗೆ 2016ರಲ್ಲಿ ಸಿಕ್ಕಿತಲ್ಲ, ಹಾಗೆ. ಇಜ್ನಿಕ್‌ನದು ಕಟ್ಟಡದ ನಮೂನೆಯ ಹೆಸರು: ಕಂಬಸಾಲುಗಳು ಮೂರು ಭಾಗ ಮಾಡಿದ ಉದ್ದನೆಯ ಹಜಾರ. ನಮ್ಮ ‘ಬಸದಿ’ಗೂ ಇದಕ್ಕೂ ನಂಟು ಹುಡುಕುವವರಿದ್ದಾರೆ. ಬಸದಿ ಬಂದದ್ದು ‘ವಸತಿ’ಯಿಂದ, ಇಲ್ಲಿಗೆ ಬಿಡಿ.

ನಿಜವಾಗಿ ಕೈಕೊಟ್ಟಿರೋದು ‘ಆಪ್ಸ್’. ಹಜಾರದ ಪೂರ್ವ ತುದಿಯಲ್ಲಿ ಅರ್ಧವೃತ್ತವಾಗಿ ಹೊರಕ್ಕೆ ಚಾಚಿದ ಗೋಡೆ, ಅದರ ಮುಂದೆ ಬಲಿಪೀಠ. ಮೇಲಿನಿಂದ ನೋಡಿದಾಗ ಇದು ಚರ್ಚು ಅಂತ ಥಟ್ಟನೆ ಗೊತ್ತಾಗೋದು ಆ ಬಾಗಿನಿಂದಲೇ. ‘ಗರ್ಭಗುಡಿ’ ಅಂದರೆ ಅರ್ಥವೇ ಬದಲಾಗುತ್ತದೆ. ಐಹೊಳೆಯ ದುರ್ಗ ಗುಡಿಗೆ ಹೇಳುವ ‘ಗಜಪೃಷ್ಠ’ ಹತ್ತಿರ ಬರುತ್ತದೆ, ಆದರೆ ಅದು ಇಡೀ ಗುಡಿಯ ಹಿಂಬದಿಯ ಆಕಾರಕ್ಕೆ ಹೇಳೋದು, ಒಂದು ಭಾಗಕ್ಕಲ್ಲ. ಮಂಗಳೂರು, ಉಡುಪಿ ಕಡೆಯವರು ಯಾರಾದರೂ ಇದ್ದರೆ ಹೇಳಿ: ಇಗರ್ಜಿ ಕಟ್ಟುವ ಮೇಸ್ತ್ರಿಗಳು ಆ ಬಾಗಿದ ಗೋಡೆಗೆ ಏನಂತಾರೆ?